60 ನ್ಯಾನೋಸೆಕೆಂಡಿನ ಒಗಟು: ಒಪೇರಾ ಪ್ರಯೋಗದ ಗಡಿಯಾರ ತಪ್ಪಿದ್ದೆಲ್ಲಿ

2011ರ ಸೆಪ್ಟೆಂಬರ್ 23ರಂದು ಜಿನೀವಾದ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ಸಭಾಂಗಣದಲ್ಲಿ ಒಪೇರಾ ಪ್ರಯೋಗದ ತಂಡ ಒಂದು ಅಂಕಿಯನ್ನು ಮುಂದಿಟ್ಟಿತು: 60.7 ನ್ಯಾನೋಸೆಕೆಂಡ್. ಸರ್ನ್‌ನಿಂದ ಹೊರಟ ನ್ಯೂಟ್ರಿನೋಗಳು (ಬಂಡೆಯನ್ನೂ ಸುಲಭವಾಗಿ ಹಾದುಹೋಗುವ ಅತಿ ಹಗುರ ಕಣಗಳು) ಸುಮಾರು 730 ಕಿಲೋಮೀಟರ್ ನೆಲದೊಳಗೇ ಸಾಗಿ, ಇಟಲಿಯ ಗ್ರಾನ್ ಸಾಸೋ ಬೆಟ್ಟದಡಿಯ ಪ್ರಯೋಗಾಲಯಕ್ಕೆ ಬೆಳಕು ತಲುಪಬೇಕಾದ ಹೊತ್ತಿಗಿಂತ ಅಷ್ಟು ಮುಂಚೆ ಬಂದಿದ್ದವು. ಬೆಳಕಿಗಿಂತ ಹೆಚ್ಚುವರಿ ವೇಗ 1 ಲಕ್ಷದಲ್ಲಿ ಸುಮಾರು 2.5 ಪಾಲು. ಅದು ನಿಜವೇ ಆಗಿದ್ದರೆ, ಬೆಳಕಿನ ವೇಗವನ್ನು ಏನೂ ಮೀರದು ಎನ್ನುವ ವಿಶೇಷ ಸಾಪೇಕ್ಷತಾ ಸಿದ್ಧಾಂತದ ಬುಡವೇ ಅಲುಗಾಡುತ್ತಿತ್ತು. ಎಂಟೇ ತಿಂಗಳಲ್ಲಿ ಆ ಅಂಕಿ ಸೊನ್ನೆಯ ಆಸುಪಾಸಿಗೆ ಬಂದು ನಿಂತಿತು. ಕಾರಣ, ಪೂರ್ತಿ ಬಿಗಿಯದೆ ಬಿಟ್ಟ ಒಂದು ಆಪ್ಟಿಕಲ್ ಫೈಬರ್ ಕನೆಕ್ಟರ್.

"ಸಡಿಲ ವೈರ್" ಎಂದು ನಕ್ಕು ಸುಮ್ಮನಾಗುವವರೇ ಹೆಚ್ಚು. ಆದರೆ ವಿಜ್ಞಾನಿಗಳನ್ನು ನಿತ್ಯ ಕಾಡುವ ಅತಿ ತೊಡಕಿನ ಸಮಸ್ಯೆ ಈ ಪ್ರಕರಣದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಅಪರೂಪ. ಸಾವಿರಾರು ಸಲ ಅಳೆದರೂ ಕರಗದ, ಯಾವ ಎಚ್ಚರಿಕೆಯ ಗಂಟೆಯನ್ನೂ ಬಾರಿಸದ, ಅಳತೆಯ ಸರಪಳಿಯ ಒಂದೇ ಕೊಂಡಿಯಲ್ಲಿ ಅಡಗಿ ಕುಳಿತ ವ್ಯವಸ್ಥಿತ ದೋಷವನ್ನು ಹಿಡಿಯುವುದು ಹೇಗೆ?

ಅಳತೆ ಮಾಡಬೇಕಿದ್ದುದೇನು

ವೇಗ ಬೇಕಾದರೆ ದೂರವೂ ಸಮಯವೂ ಬೇಕು. ದೂರದ ಕೆಲಸ ಕಷ್ಟದ್ದಾದರೂ ಚೊಕ್ಕವಾಗಿ ಮುಗಿಯಿತು. ಬೆಟ್ಟದಡಿ ಜಿಪಿಎಸ್ ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ಹೆದ್ದಾರಿ ಸುರಂಗದ ಎರಡೂ ಬಾಯಿಗಳಲ್ಲಿ ಜಿಪಿಎಸ್ ಗುರುತುಗಳನ್ನು ನೆಟ್ಟು, ಅಲ್ಲಿಂದ ಒಳಗಿನ ಶೋಧಕದವರೆಗೆ ದೃಕ್ ಉಪಕರಣಗಳಿಂದ ಸರ್ವೇ ಮಾಡಲಾಯಿತು. ಸರ್ನ್‌ನಲ್ಲಿ ಪ್ರೋಟಾನ್ ಪ್ರವಾಹ ಅಳೆಯುವ ಸಾಧನದಿಂದ ಒಪೇರಾದ ಮೂಲಬಿಂದುವಿಗೆ ಸಿಕ್ಕ ಅಂತರ 7,31,278.0 ಮೀಟರ್, ತಪ್ಪಿನ ಮಿತಿ 20 ಸೆಂಟಿಮೀಟರ್. ಬೆಳಕಿನ ಲೆಕ್ಕದಲ್ಲಿ ಈ 20 ಸೆಂಟಿಮೀಟರ್ ಎಂದರೆ 0.67 ನ್ಯಾನೋಸೆಕೆಂಡ್ ಅಷ್ಟೇ. 2009ರ ಏಪ್ರಿಲ್‌ನ ಲಾಕ್ವಿಲಾ ಭೂಕಂಪಕ್ಕೆ ಶೋಧಕ 7 ಸೆಂಟಿಮೀಟರ್ ಸರಿದದ್ದು ಕೂಡ ಈ ದಾಖಲೆಯಲ್ಲಿ ಕಾಣುತ್ತದೆ. ಮುಂದೆ ದೂರದ ಮೇಲೆ ಅನುಮಾನಪಟ್ಟವರು ಬಹಳ ಮಂದಿ. ತಪ್ಪು ಅಲ್ಲಿರಲಿಲ್ಲ.

ಸಮಯದ ಕಥೆಯೇ ಬೇರೆ. ಬೆಳಕಿಗೆ ಈ ದಾರಿ ಸವೆಸಲು ಬೇಕಾದುದು ಸುಮಾರು 2.44 ಮಿಲಿಸೆಕೆಂಡ್. ಅದರಲ್ಲಿ ಕೆಲವೇ ನ್ಯಾನೋಸೆಕೆಂಡುಗಳ ವ್ಯತ್ಯಾಸ ಕಾಣಬೇಕಾದರೆ, ನೂರಾರು ಕಿಲೋಮೀಟರ್ ಅಂತರದ ಎರಡು ಗಡಿಯಾರಗಳು ಅಷ್ಟೇ ನಿಖರವಾಗಿ ಒಂದಕ್ಕೊಂದು ಹೊಂದಿರಬೇಕು. ಎರಡೂ ಕಡೆ ಸೀಸಿಯಂ ಗಡಿಯಾರ ಮತ್ತು ಒಂದೇ ಮಾದರಿಯ ಜಿಪಿಎಸ್ ರಿಸೀವರ್ ಇಡಲಾಯಿತು. ಒಂದೇ ಉಪಗ್ರಹವನ್ನು ಒಂದೇ ಹೊತ್ತಿಗೆ ಎರಡೂ ಕಡೆಯಿಂದ ನೋಡಿದರೆ ಉಪಗ್ರಹದ ಗಡಿಯಾರದ ದೋಷ ಕಳೆದುಹೋಗುತ್ತದೆ. ಸ್ವಿಟ್ಜರ್ಲೆಂಡಿನ ಮಾಪನ ಸಂಸ್ಥೆ ಮೇಟಾಸ್ ಈ ಉಪಕರಣಗಳನ್ನು ಹೊಂದಿಸಿತು. ಜರ್ಮನಿಯ ಮಾಪನ ಸಂಸ್ಥೆ ಪಿಟಿಬಿ ಬೇರೆಯದೇ ರಿಸೀವರನ್ನು ಎರಡೂ ಕಡೆಗೆ ಹೊತ್ತೊಯ್ದು ಪರೀಕ್ಷಿಸಿತು. ಸಿಕ್ಕ ವ್ಯತ್ಯಾಸ 2.3 ನ್ಯಾನೋಸೆಕೆಂಡ್, ತಪ್ಪಿನ ಮಿತಿ 0.9. ನೆಲದ ಮೇಲಿನ ಗಡಿಯಾರಗಳ ಮಟ್ಟಿಗೆ ಇದಕ್ಕಿಂತ ಒಳ್ಳೆಯ ತಪಾಸಣೆ ಕೇಳುವಂತಿರಲಿಲ್ಲ.

ಆದರೆ ಶೋಧಕ ಇದ್ದದ್ದು ನೆಲದ ಮೇಲಲ್ಲ, 1,400 ಮೀಟರ್ ಬಂಡೆಯ ಕೆಳಗೆ. ಮೇಲಿನ ಸಮಯವನ್ನು ಕೆಳಗಿಳಿಸಿದ್ದು 8.3 ಕಿಲೋಮೀಟರ್ ಉದ್ದದ ಫೈಬರ್. ಮೇಲಿನ ಗಡಿಯಾರ ಪ್ರತಿ ಮಿಲಿಸೆಕೆಂಡಿಗೊಂದು ಬೆಳಕಿನ ಮಿಡಿತ ಕಳಿಸುತ್ತದೆ. ಕೆಳಗಿನ ಪರಿವರ್ತಕ ಅದನ್ನು ವಿದ್ಯುತ್ ಮಿಡಿತವಾಗಿಸಿ ಒಪೇರಾದ ಮಾಸ್ಟರ್ ಕ್ಲಾಕ್‌ಗೆ ಕೊಡುತ್ತದೆ. ಈ ಪಯಣಕ್ಕೆ ತಗಲುವ ವಿಳಂಬವನ್ನು 2006ರಲ್ಲಿ ಅಳೆದಿದ್ದರು: 40,996 ನ್ಯಾನೋಸೆಕೆಂಡ್. ಫೈಬರ್‌ನಲ್ಲಿ ಬೆಳಕು ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ತೆಗೆದುಕೊಳ್ಳುವುದರಿಂದ ಅಂಕಿ ಉದ್ದಕ್ಕೆ ಹೊಂದುತ್ತದೆ. ಮುಂದಿನ ವರ್ಷಗಳಲ್ಲಿ ಲೆಕ್ಕದಿಂದ ಕಳೆದದ್ದು ಈ ಅಂಕಿಯನ್ನೇ.

ಯಾವ ನ್ಯೂಟ್ರಿನೋ ಯಾವಾಗ ಹೊರಟಿತು?

ಓಟದ ಪಂದ್ಯದಲ್ಲಾದರೆ ಓಟಗಾರ ಹೊರಟ ಕ್ಷಣವೂ ಮುಟ್ಟಿದ ಕ್ಷಣವೂ ಗೊತ್ತು. ಇಲ್ಲಿ ಹಾಗಲ್ಲ. ಸರ್ನ್‌ನ ಎಸ್‌ಪಿಎಸ್ ವೇಗವರ್ಧಕ 400 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಪ್ರೋಟಾನುಗಳನ್ನು 10.5 ಮೈಕ್ರೋಸೆಕೆಂಡ್ ಉದ್ದದ ಮಿಡಿತಗಳಲ್ಲಿ ಗ್ರಾಫೈಟ್ ಗುರಿಗೆ ಹೊಡೆಯುತ್ತದೆ. ಅಲ್ಲಿ ಹುಟ್ಟಿದ ಪೈಯಾನ್, ಕೇಯಾನ್ ಎಂಬ ಅಲ್ಪಾಯು ಕಣಗಳು 1 ಕಿಲೋಮೀಟರ್ ಸುರಂಗದಲ್ಲಿ ಸಾಗುತ್ತ ಕ್ಷಯಿಸಿ ನ್ಯೂಟ್ರಿನೋಗಳಾಗುತ್ತವೆ. ಗ್ರಾನ್ ಸಾಸೋದಲ್ಲಿ ಸಿಕ್ಕಿಬಿದ್ದ ಒಂದು ನ್ಯೂಟ್ರಿನೋ ಈ 10,500 ನ್ಯಾನೋಸೆಕೆಂಡುಗಳಲ್ಲಿ ಯಾವ ಕ್ಷಣದ ಪ್ರೋಟಾನಿನ ಸಂತಾನ ಎಂದು ಹೇಳುವ ಉಪಾಯವಿಲ್ಲ.

ಆದ್ದರಿಂದ ತಂಡ ಸಂಖ್ಯಾಶಾಸ್ತ್ರದ ಮೊರೆಹೋಯಿತು. ಸಿಕ್ಕ ಪ್ರತಿ ಘಟನೆಗೂ ಅದಕ್ಕೆ ಕಾರಣವಾದ ಪ್ರೋಟಾನ್ ಮಿಡಿತದ ಆಕಾರವನ್ನು ತೆಗೆದು ಎಲ್ಲವನ್ನೂ ಕೂಡಿಸಿದರೆ, ನ್ಯೂಟ್ರಿನೋಗಳ ಆಗಮನ ಹೇಗೆ ಹರಡಿರಬೇಕು ಎಂಬ ಅಚ್ಚು ಸಿಗುತ್ತದೆ. ನಿಜವಾದ 16,111 ಘಟನೆಗಳ ಹರಡನ್ನು ಆ ಅಚ್ಚಿನ ಮೇಲೆ ಹಿಂದೆ ಮುಂದೆ ಜಾರಿಸಿ, ಎಲ್ಲಿ ಚೆನ್ನಾಗಿ ಕೂರುತ್ತದೋ ಆ ಸರಿತವನ್ನು ಅಳೆದರು. ಮಿಡಿತದ ಮಧ್ಯಭಾಗ ಹೆಚ್ಚುಕಡಿಮೆ ಚಪ್ಪಟೆ. ಸರಿತವನ್ನು ಮುಖ್ಯವಾಗಿ ಹಿಡಿದುಕೊಡುವುದು ಏರುವ ಮತ್ತು ಇಳಿಯುವ ಅಂಚುಗಳು.

ವಿಶ್ಲೇಷಣೆ ಕುರುಡಾಗಿಯೇ ನಡೆಯಿತು. ಬೇಕೆಂದೇ 2006ರ ಹಳೆಯ ವಿಳಂಬಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದಾಗ ಬಂದ ಉತ್ತರ 1,048.5 ನ್ಯಾನೋಸೆಕೆಂಡ್. ಅದು ಯಾರಿಗೂ ಏನನ್ನೂ ಹೇಳದ ಅಂಕಿ. ವಿಧಾನವೆಲ್ಲ ಗಟ್ಟಿಯಾದ ಮೇಲಷ್ಟೇ ಹೊಸ ತಿದ್ದುಪಡಿಗಳ ಮೊತ್ತ 987.8 ಕಳೆದರು, 60.7 ಉಳಿಯಿತು. ಬೇಕಾದ ಉತ್ತರದ ಕಡೆಗೆ ಕೈ ವಾಲದಂತೆ ತಡೆಯಲು ಇದು ಒಳ್ಳೆಯ ಕ್ರಮ. ಆದರೆ ಕುರುಡು ವಿಶ್ಲೇಷಣೆ ಕಾಯುವುದು ಮನುಷ್ಯನ ಪಕ್ಷಪಾತದಿಂದ. ಯಂತ್ರದ ದೋಷಕ್ಕೆ ಅದು ಮದ್ದಲ್ಲ.

7.4 ಎಂಬ ಅಂಕಿ

ಪ್ರಕರಣದ ತಿರುಳು ತಂಡದ ಪ್ರಬಂಧದ ಒಂದು ಚಿಕ್ಕ ಕೋಷ್ಟಕದಲ್ಲಿದೆ. ವ್ಯವಸ್ಥಿತ ದೋಷಗಳ ಪಟ್ಟಿ ಅದು. ಎಲ್ಲಕ್ಕಿಂತ ದೊಡ್ಡದು ಪ್ರೋಟಾನ್ ಪ್ರವಾಹ ಅಳೆಯುವ ಸಾಧನದ ವಿಳಂಬ, 5 ನ್ಯಾನೋಸೆಕೆಂಡ್. ನಂತರ ಗಣಕ ಅನುಕರಣೆಯದು 3, ಶೋಧಕದ ಪ್ರತಿಕ್ರಿಯೆಯದು 2.3, ಅಂತರಕ್ರಿಯೆ ನಡೆದ ಜಾಗದ್ದು 2, ಸರ್ನ್ ಕಡೆಯ ಸಮಯ ಸಂಕೇತದ ವಿಳಂಬದ್ದು 2, ಎರಡು ಕಡೆಯ ಹೊಂದಾಣಿಕೆಯದು 1.7. ಹೀಗೆ ಇಳಿಯುತ್ತ ಬಂದರೆ ಒಂದು ಸಾಲಿನಲ್ಲಿ ಗ್ರಾನ್ ಸಾಸೋದ ಫೈಬರ್: 1 ನ್ಯಾನೋಸೆಕೆಂಡ್. ಪ್ರತಿಯೊಂದನ್ನೂ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆದರೆ 7.4. ಘಟನೆಗಳ ಸಂಖ್ಯೆ ಸೀಮಿತವಾದ್ದರಿಂದ ಬರುವ ಯಾದೃಚ್ಛಿಕ ದೋಷ 6.9. ಇವೆರಡನ್ನೂ ಹಾಗೆಯೇ ಸೇರಿಸಿದರೆ ಸುಮಾರು 10, ಅಂದರೆ 60.7 ಎಂಬುದು ಒಟ್ಟು ಅನಿಶ್ಚಿತತೆಯ 6 ಪಟ್ಟು. ಕಣ ಭೌತವಿಜ್ಞಾನದಲ್ಲಿ ಸಂಶೋಧನೆ ಎಂದು ಸಾರಲು 5 ಪಟ್ಟು ಸಾಕು.

ಗಣಿತದಲ್ಲಿ ತಪ್ಪಿಲ್ಲ. ಅದರ ಅಡಿಯಲ್ಲಿರುವ ಊಹೆಯನ್ನು ನೋಡಬೇಕು. ಪ್ರತಿ ಸಾಲಿನ ಅಂಕಿ "ಈ ಭಾಗ ನಾವು ಅಳೆದಾಗ ಇದ್ದಂತೆಯೇ ಇದೆ" ಎಂಬ ಷರತ್ತಿನ ಮೇಲೆ ನಿಂತಿದೆ. ಫೈಬರ್‌ನ 1 ನ್ಯಾನೋಸೆಕೆಂಡ್ ಎಂಬುದು ಅಳೆದ ದಿನದ ಅಳತೆಯ ನಿಖರತೆ. ಆಮೇಲಿನ ವರ್ಷಗಳಲ್ಲಿ ಅದು ಬದಲಾಗಿರಬಹುದಾದ ಸಾಧ್ಯತೆಗೆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ನಿಜದಲ್ಲಿ ಆ ಸಾಲಿನಲ್ಲಿ ಇರಬೇಕಿದ್ದ ಅಂಕಿ 73ರ ಆಸುಪಾಸಿನದು.

ಘಟನೆಗಳ ಸಂಖ್ಯೆ ಹೆಚ್ಚಿಸಿದರೆ 6.9 ಇಳಿಯುತ್ತದೆ, 73 ಇಳಿಯುವುದಿಲ್ಲ. ತಂಡ ದತ್ತಾಂಶವನ್ನು ವರ್ಷವಾರು ಒಡೆದು ನೋಡಿತು, ಹಗಲು–ರಾತ್ರಿ, ಋತು ಎಂದು ಬೇರ್ಪಡಿಸಿಯೂ ನೋಡಿತು. ಎಲ್ಲೆಡೆ ಅದೇ ಉತ್ತರ. ಸ್ಥಿರವಾದ ಉತ್ತರ ಕಂಡಾಗ ಧೈರ್ಯ ಬರುವುದು ಸಹಜ. ಆದರೆ ಯಾರೂ ಮುಟ್ಟದ ಸಡಿಲ ಕನೆಕ್ಟರ್‌ಗಿಂತ ಸ್ಥಿರವಾದದ್ದು ಇನ್ನೇನಿದೆ?

ಅನುಮಾನ ಬಂದ ಕಡೆ, ತಪ್ಪು ಇದ್ದ ಕಡೆ

ಘೋಷಣೆಯ ಬೆನ್ನಿಗೇ ಎರಡು ಬಗೆಯ ಆಕ್ಷೇಪ ಬಂದವು. ಮೊದಲನೆಯದು ಹೊರಗಿನ ಪುರಾವೆ. 1987ರಲ್ಲಿ ಕಂಡ ಸೂಪರ್‌ನೋವಾ ಸುಮಾರು 1,68,000 ಜ್ಯೋತಿರ್ವರ್ಷ ದೂರದ್ದು. ಅದರ ನ್ಯೂಟ್ರಿನೋಗಳು ಬೆಳಕಿಗಿಂತ ಸುಮಾರು 3 ಗಂಟೆ ಮುಂಚೆ ಬಂದಿದ್ದವು, ಅದಕ್ಕೂ ಕಾರಣ ನಕ್ಷತ್ರದ ಹೊರಪದರದಲ್ಲಿ ಬೆಳಕು ತಡವಾದದ್ದು. ಒಪೇರಾದ ವೇಗವೇ ಆಗಿದ್ದರೆ ಅವು 4 ವರ್ಷ ಮೊದಲೇ ಬರಬೇಕಿತ್ತು. ಆ ನ್ಯೂಟ್ರಿನೋಗಳ ಶಕ್ತಿ ಒಪೇರಾದವಕ್ಕಿಂತ ಸಾವಿರ ಪಟ್ಟಿಗೂ ಕಡಿಮೆ ಎಂಬ ಒಂದು ಸಂದು ಉಳಿದಿತ್ತು. ಭೌತವಿಜ್ಞಾನಿಗಳಾದ ಆಂಡ್ರ್ಯೂ ಕೊಹೆನ್ ಮತ್ತು ಶೆಲ್ಡನ್ ಗ್ಲಾಶೊ ಆ ಸಂದನ್ನೂ ಮುಚ್ಚಿದರು: ಬೆಳಕನ್ನು ಮೀರಿದ ನ್ಯೂಟ್ರಿನೋಗಳು ದಾರಿಯುದ್ದಕ್ಕೂ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಗಳನ್ನು ಉಗುಳುತ್ತ ಶಕ್ತಿ ಕಳೆದುಕೊಳ್ಳಬೇಕು. ಅದೇ ಗ್ರಾನ್ ಸಾಸೋದ ಇಕಾರಸ್ ಶೋಧಕ ನೋಡಿದಾಗ ಶಕ್ತಿ ಹಾಗೆ ಕುಂದಿರಲಿಲ್ಲ. ತಪ್ಪು ಇದೆ ಎಂಬುದಕ್ಕೆ ಇವು ಬಲವಾದ ಕಾರಣ. ಎಲ್ಲಿದೆ ಎಂದು ಮಾತ್ರ ಇವು ಹೇಳಲಾರವು.

ಎರಡನೆಯ ಆಕ್ಷೇಪ ಅಳತೆಯ ಒಳಗಿನದು. ಪ್ರೋಟಾನ್ ಮಿಡಿತದ ಆಕಾರ ಮತ್ತು ನ್ಯೂಟ್ರಿನೋ ಮಿಡಿತದ ಆಕಾರ ಒಂದೇ ಎಂದು ನಂಬುವುದು ಹೇಗೆ? 10.5 ಮೈಕ್ರೋಸೆಕೆಂಡಿನಲ್ಲಿ ಗುರಿಯ ಸ್ಥಿತಿ ಬದಲಾಗಿ ಹಿಂಭಾಗದ ಅಂಚು ಕೊಂಚ ಕುಗ್ಗಿದರೂ ಸರಿತ ತಪ್ಪುತ್ತದೆ. ಇದು ನ್ಯಾಯವಾದ ಅನುಮಾನ. ಉತ್ತರವಾಗಿ ಸರ್ನ್ 2011ರ ಅಕ್ಟೋಬರ್ 22ರಿಂದ ನವೆಂಬರ್ 6ರವರೆಗೆ ಕಿರಣವನ್ನೇ ಬದಲಿಸಿ ಕೊಟ್ಟಿತು: ಸುಮಾರು 3 ನ್ಯಾನೋಸೆಕೆಂಡ್ ಅಗಲದ ಸಣ್ಣ ಗೊಂಚಲುಗಳು, ನಡುವೆ 524 ನ್ಯಾನೋಸೆಕೆಂಡ್ ಅಂತರ. ಈಗ ಪ್ರತಿ ನ್ಯೂಟ್ರಿನೋ ಯಾವ ಗೊಂಚಲಿನದೆಂದು ನೇರವಾಗಿ ಹೇಳಬಹುದು. ಸಿಕ್ಕಿದ್ದು ಬರೀ 20 ಘಟನೆ. ಉತ್ತರ 62.1 ನ್ಯಾನೋಸೆಕೆಂಡ್, ತಪ್ಪಿನ ಮಿತಿ 3.7.

ಜಗತ್ತು ಬೆಚ್ಚಿದ್ದು ಈಗ. ಟೀಕಾಕಾರರ ಮುಖ್ಯ ಅಸ್ತ್ರ ಮುರಿದಿತ್ತು. ಆದರೆ ಈ ಮರುಪರೀಕ್ಷೆ ಸರಪಳಿಯ ಒಂದು ಕೊಂಡಿಯನ್ನು ಮಾತ್ರ ಬದಲಿಸಿತ್ತು. ಹೊಸ ಗೊಂಚಲುಗಳ ಸಮಯವೂ ಅದೇ ಫೈಬರ್, ಅದೇ ಕನೆಕ್ಟರ್, ಅದೇ ಮಾಸ್ಟರ್ ಕ್ಲಾಕ್ ದಾಟಿಯೇ ದಾಖಲಾಗಿತ್ತು. ಮರುಪರೀಕ್ಷೆಯ ಬೆಲೆ ಗೊತ್ತಾಗುವುದು ಅದು ಹಳೆಯದರೊಂದಿಗೆ ಏನನ್ನು ಹಂಚಿಕೊಂಡಿಲ್ಲ ಎಂಬುದರಿಂದ. ಇಲ್ಲಿ ಹಂಚಿಕೊಂಡದ್ದೇ ಹೆಚ್ಚು.

ಕನೆಕ್ಟರ್ ಸಡಿಲವಾದರೆ 73 ನ್ಯಾನೋಸೆಕೆಂಡ್ ಹೇಗೆ?

ಸಡಿಲವಾದರೆ ಸಿಗ್ನಲ್ ನಿಲ್ಲಬೇಕು, ಇಲ್ಲವೇ ಮಾಮೂಲಿನಂತೆ ಬರಬೇಕು ಎಂದು ಅನ್ನಿಸುತ್ತದೆ. ಸಡಿಲಿಕೆಯಿಂದಾದ ಅಂತರಕ್ಕೆ ತಗಲುವ ಸಮಯವಂತೂ ನಗಣ್ಯ. 73 ನ್ಯಾನೋಸೆಕೆಂಡಿನಲ್ಲಿ ಬೆಳಕು ನಿರ್ವಾತದಲ್ಲಿ 22 ಮೀಟರ್ ಓಡುತ್ತದೆ. ವಿಷಯ ಇರುವುದು ಪರಿವರ್ತಕದಲ್ಲಿ. ಪ್ಲಗ್ ಪೂರ್ತಿ ಒಳಗೆ ಕೂರದಿದ್ದರೆ ಫೋಟೋಡಯೋಡ್ ಮೇಲೆ ಬೀಳುವ ಬೆಳಕು ಕಡಿಮೆ. ಬೆಳಕು ಕಡಿಮೆಯಾದರೆ ಅದರ ವಿದ್ಯುತ್ ಸಂಕೇತ ನಿಧಾನವಾಗಿ ಏರುತ್ತದೆ. ಮುಂದಿನ ಸರ್ಕ್ಯೂಟ್ "ಮಿಡಿತ ಬಂತು" ಎಂದು ಗುರುತಿಸುವುದು ಸಂಕೇತ ಒಂದು ನಿಗದಿತ ಮಟ್ಟ ದಾಟಿದಾಗ. ನಿಧಾನವಾಗಿ ಏರಿದ್ದು ಆ ಮಟ್ಟವನ್ನು ತಡವಾಗಿ ದಾಟುತ್ತದೆ. ಮಿಡಿತವೊಂದೂ ಕಳೆದುಹೋಗಲಿಲ್ಲ, ಎಲ್ಲವೂ ತಡವಾದವು ಅಷ್ಟೇ. ಪ್ಲಗ್ ಇನ್ನಷ್ಟು ಕಳಚಿ ಸಂಕೇತ ನಿಂತೇ ಹೋಗಿದ್ದರೆ ಅದೇ ದಿನ ಯಾರಾದರೂ ಬಂದು ಬಿಗಿಯುತ್ತಿದ್ದರು.

ತಡವಾದರೆ ನ್ಯೂಟ್ರಿನೋ ಬೇಗ ಬಂದಂತೆ ಕಾಣುವುದೇಕೆ? ಕೆಳಗಿನ ಗಡಿಯಾರ ಎಣಿಕೆ ಶುರುಮಾಡುವುದೇ ಆ ಮಿಡಿತ ಸಿಕ್ಕ ಮೇಲೆ. ಮಿಡಿತ 73 ನ್ಯಾನೋಸೆಕೆಂಡ್ ತಡವಾಗಿ ಬಂದರೆ ಗಡಿಯಾರ ಅಷ್ಟು ಹಿಂದೆ ಬೀಳುತ್ತದೆ. ಹಿಂದೆ ಬಿದ್ದ ಗಡಿಯಾರ ನೋಡಿದವರಿಗೆ ಎಲ್ಲ ಅತಿಥಿಗಳೂ ಹೊತ್ತಿಗೆ ಮುಂಚೆಯೇ ಬಂದವರು.

ಇದರ ಜೊತೆಗೇ ಇನ್ನೊಂದು ದೋಷ ಪತ್ತೆಯಾಯಿತು, ಅದು ಉಲ್ಟಾ ದಿಕ್ಕಿನದು. ಮಾಸ್ಟರ್ ಕ್ಲಾಕ್‌ನ ಆಂದೋಲಕ ಇರಬೇಕಾದುದಕ್ಕಿಂತ ಚೂರು ವೇಗವಾಗಿ ಬಡಿಯುತ್ತಿತ್ತು, ಸೆಕೆಂಡಿಗೆ 124 ನ್ಯಾನೋಸೆಕೆಂಡ್ ವ್ಯತ್ಯಾಸ. ಎಣಿಕೆ ಪ್ರತಿ 0.6 ಸೆಕೆಂಡಿಗೆ ಹೊಸದಾಗಿ ಶುರುವಾಗುವುದರಿಂದ ಆವರ್ತದ ಕೊನೆಯಲ್ಲಿ ದೋಷ 74 ನ್ಯಾನೋಸೆಕೆಂಡ್ ಮುಟ್ಟುತ್ತದೆ, ಆರಂಭದಲ್ಲಿ ಇಲ್ಲವೇ ಇಲ್ಲ. ಇದು ನ್ಯೂಟ್ರಿನೋಗಳನ್ನು ತಡವಾಗಿ ತೋರಿಸಿ, ಮೊದಲ ದೋಷದ ಸ್ವಲ್ಪ ಪಾಲನ್ನು ಮುಚ್ಚಿಹಾಕಿತ್ತು. ಎರಡು ತಪ್ಪು ಎದುರುಬದುರು ನಿಂತರೆ ಪತ್ತೆಗೆ ಅದಕ್ಕಿಂತ ಕೆಟ್ಟ ಸ್ಥಿತಿಯಿಲ್ಲ: ಒಂದನ್ನಷ್ಟೇ ತಿದ್ದಿದರೆ ಉತ್ತರ ಸರಿಯಾಗುವುದಿಲ್ಲ, ತಿದ್ದಿದ್ದೇ ತಪ್ಪೇನೋ ಎಂಬ ಗುಮಾನಿ ಹುಟ್ಟುತ್ತದೆ.

ಬಂಡೆಯೊಳಗಿನ ಸಾಕ್ಷಿ

2011ರ ಡಿಸೆಂಬರ್‌ನಲ್ಲಿ ಫೈಬರ್ ವಿಳಂಬವನ್ನು ಮತ್ತೆ ಅಳೆದಾಗ ಅಂಕಿ 2006ರದಕ್ಕೆ ಹೊಂದಲಿಲ್ಲ. ಕನೆಕ್ಟರ್ ಬಿಗಿದಾಗ ಹೊಂದಿತು. ಇಲ್ಲೊಂದು ಹೊಸ ತಲೆನೋವು: ಬಿಗಿದ ಮೇಲೆ ಹಳೆಯ ಸ್ಥಿತಿ ಹೋಯಿತು. ಈಗ ಸಡಿಲವಿತ್ತು ಎಂಬುದೇನೋ ನಿಜ, ಆದರೆ ದತ್ತಾಂಶ ಪಡೆದ ವರ್ಷಗಳಲ್ಲೂ ಅಷ್ಟೇ ಸಡಿಲವಿತ್ತೆಂದು ಹೇಳುವುದು ಹೇಗೆ? 2012ರ ಫೆಬ್ರುವರಿಯಲ್ಲಿ ಸುದ್ದಿ ಹೊರಬಿದ್ದಾಗ ತಂಡ ಎರಡು ದೋಷಗಳ ಸಾಧ್ಯತೆಯನ್ನಷ್ಟೇ ಹೇಳಿದ್ದಕ್ಕೆ ಇದೇ ಕಾರಣ. ಅದನ್ನು ನುಣುಚಿಕೊಳ್ಳುವ ಮಾತೆಂದು ಹಲವರು ಬಗೆದರು. ಅದು ಸರಿಯಾದ ಎಚ್ಚರಿಕೆಯಾಗಿತ್ತು.

ಉತ್ತರ ಪಕ್ಕದ ಕೋಣೆಯಲ್ಲಿತ್ತು. ಒಪೇರಾದಿಂದ ಸುಮಾರು 160 ಮೀಟರ್ ದೂರದಲ್ಲಿ ಎಲ್‌ವಿಡಿ ಎಂಬ ಇನ್ನೊಂದು ಶೋಧಕವಿತ್ತು, ಅದರ ಸಮಯ ವ್ಯವಸ್ಥೆಯೇ ಬೇರೆ. ಬೆಟ್ಟದ ಟೆರಾಮೊ ಊರಿನ ದಿಕ್ಕಿನಲ್ಲಿ ಬಂಡೆ ತೆಳುವಾದ ಕಡೆಯಿಂದ ವಿಶ್ವಕಿರಣದ ಮ್ಯೂಯಾನು ಎಂಬ ಕಣಗಳು ಹೆಚ್ಚುಕಡಿಮೆ ಅಡ್ಡಡ್ಡವಾಗಿ ನುಗ್ಗಿ, ಅಪರೂಪಕ್ಕೊಮ್ಮೆ ಎರಡೂ ಶೋಧಕಗಳನ್ನು ಹಾದುಹೋಗುತ್ತಿದ್ದವು. ಒಂದೇ ಕಣ, ಎರಡು ಗಡಿಯಾರ. 2007ರಿಂದ 2012ರವರೆಗೆ ಅಂಥ 306 ಘಟನೆಗಳು ಸಿಕ್ಕವು. ಅವುಗಳ ಸಮಯಾಂತರವನ್ನು ಕಾಲಾನುಕ್ರಮದಲ್ಲಿ ಜೋಡಿಸಿದಾಗ 2008ರ ಮಧ್ಯಭಾಗದಿಂದ 2011ರ ಕೊನೆಯವರೆಗೆ ಒಂದು ಮೆಟ್ಟಿಲು ಎದ್ದುಕಂಡಿತು. ಎತ್ತರ 73 ನ್ಯಾನೋಸೆಕೆಂಡ್, ತಪ್ಪಿನ ಮಿತಿ 9. ಒಪೇರಾ ನ್ಯೂಟ್ರಿನೋ ವೇಗಕ್ಕೆ ಬಳಸಿದ ದತ್ತಾಂಶ ಆ ಮೆಟ್ಟಿಲಿನ ಮೇಲಿತ್ತು.

ಈ ಮ್ಯೂಯಾನುಗಳಲ್ಲಿ ಬಹುಪಾಲು ಘೋಷಣೆಗೆ ಮೊದಲೇ ಎರಡೂ ಶೋಧಕಗಳ ಡಿಸ್ಕಿನಲ್ಲಿ ದಾಖಲಾಗಿದ್ದವು. ಎರಡನ್ನೂ ಒಟ್ಟಿಗೆ ತೆರೆದು ನೋಡುವ ಕಾರಣ ಯಾರಿಗೂ ಹೊಳೆದಿರಲಿಲ್ಲ.

ಏನು ಮಾಡಬಹುದಿತ್ತು

ಪ್ರಕಟಿಸಿದ್ದೇ ತಪ್ಪು ಎಂಬ ವಾದವನ್ನು ಒಪ್ಪುವುದು ಕಷ್ಟ. ತಂಡ ತಿಂಗಳುಗಟ್ಟಲೆ ಅಳೆದೂ ಸುರಿದೂ ಸೋತ ಮೇಲೆ ಹೊರಗಿನವರ ಪರಿಶೀಲನೆ ಕೇಳಿತು; ಪ್ರಬಂಧದಲ್ಲಿ ಸಿದ್ಧಾಂತದ ವ್ಯಾಖ್ಯಾನಕ್ಕೆ ಕೈಹಾಕಲಿಲ್ಲ. ತಂಡದೊಳಗೇ ಕೆಲವರು ಸಹಿ ಹಾಕಲು ಒಪ್ಪಿರಲಿಲ್ಲ. 2012ರ ಮಾರ್ಚ್ 30ರಂದು ವಕ್ತಾರ ಆಂಟೋನಿಯೊ ಎರೆಡಿಟಾಟೊ ಮತ್ತು ಭೌತ ಸಂಯೋಜಕ ಡಾರಿಯೊ ಔಟಿಯೆರೊ ರಾಜೀನಾಮೆ ಕೊಟ್ಟರು. ತಪ್ಪು ಸಭಾಂಗಣದಲ್ಲಿ ಆದದ್ದಲ್ಲ, ಅದಕ್ಕೂ ಮುಂಚಿನ ತಪಾಸಣೆಯ ಸಾಲಿನಲ್ಲಿ. ಅಸಾಧಾರಣ ಅಂಕಿ ಕಂಡಾಗ ದೂರದ ಉಪಗ್ರಹಗಳಿಗಿಂತ ಮೊದಲು, ಹಳೆಯದಾಗಿ ಅಳೆದು ಮತ್ತೆ ಮುಟ್ಟದೆ ಬಿಟ್ಟ ಭಾಗಗಳ ಪಟ್ಟಿ ಮಾಡಬೇಕಿತ್ತು. 2006ರ ದಿನಾಂಕ ಹೊತ್ತ ಫೈಬರ್ ಆ ಪಟ್ಟಿಯ ತಲೆಯಲ್ಲಿ ಬರುತ್ತಿತ್ತು.

ಇಂಥ ಕೊಂಡಿಗೆ ಮಾಡಬಹುದಾದ ಕೆಲಸ ದುಬಾರಿಯದೂ ಅಲ್ಲ. ಫೈಬರ್‌ನಲ್ಲಿ ಸಂಕೇತವನ್ನು ಕೆಳಗೆ ಕಳಿಸಿ ಇನ್ನೊಂದು ಎಳೆಯಲ್ಲಿ ವಾಪಸು ತರಿಸಿಕೊಂಡರೆ ಹೋಗಿಬರುವ ಸಮಯ ಸದಾ ಕಣ್ಣಮುಂದಿರುತ್ತದೆ. ಆದರೆ ವಾಪಸಾತಿ ಪರಿವರ್ತಕದ ಆಚೆಯಿಂದ, ಗಡಿಯಾರ ನಿಜವಾಗಿ ಬಳಸುವ ವಿದ್ಯುತ್ ಸಂಕೇತದಿಂದಲೇ ಆಗಬೇಕು. ಗಾಜಿನ ಎಳೆಯನ್ನಷ್ಟೇ ಅಳೆದರೆ ಈ ದೋಷ ಜಾರಿಹೋಗುತ್ತಿತ್ತು. ಪರಿವರ್ತಕಕ್ಕೆ ಬೀಳುವ ಬೆಳಕಿನ ಪ್ರಮಾಣವನ್ನು ದಾಖಲಿಸಿ, ಮಿತಿಗಿಂತ ಇಳಿದರೆ ಎಚ್ಚರಿಸುವ ಏರ್ಪಾಡು ಇನ್ನೂ ಸರಳ. 2012ರ ಹೊತ್ತಿಗೆ ಗ್ರಾನ್ ಸಾಸೋದಲ್ಲಿ ವಿಳಂಬವನ್ನು ತಾನೇ ಅಳೆದು ಸರಿದೂಗಿಸುವ ವೈಟ್ ರ್ಯಾಬಿಟ್ ವ್ಯವಸ್ಥೆ ಬಂತು.

2012ರ ಮೇ ತಿಂಗಳಲ್ಲಿ ಸರ್ನ್ ಮತ್ತೆ ಎರಡು ವಾರ ಗೊಂಚಲು ಕಿರಣ ಕೊಟ್ಟಿತು. ಈ ಬಾರಿ ಗ್ರಾನ್ ಸಾಸೋದ ಬೊರೆಕ್ಸಿನೋ, ಇಕಾರಸ್, ಎಲ್‌ವಿಡಿ, ಒಪೇರಾ ನಾಲ್ಕೂ ಶೋಧಕಗಳು ಅಳೆದವು. ಜೂನ್ 8ರಂದು ಕ್ಯೋಟೊ ಸಮ್ಮೇಳನದಲ್ಲಿ ನಾಲ್ಕರ ಉತ್ತರವೂ ಬೆಳಕಿನ ವೇಗಕ್ಕೆ ಹೊಂದುವುದಾಗಿ ಪ್ರಕಟವಾಯಿತು. ಒಪೇರಾದ ಹಳೆಯ ದತ್ತಾಂಶವನ್ನೇ ತಿದ್ದಿ ಲೆಕ್ಕ ಹಾಕಿದಾಗ 6.5 ನ್ಯಾನೋಸೆಕೆಂಡ್ ಬಂತು, ಅದರ ಯಾದೃಚ್ಛಿಕ ದೋಷವೇ 7.4. ಜಗತ್ತನ್ನು ಬೆಚ್ಚಿಸಿದ್ದ 20 ಘಟನೆಗಳ 62.1 ಈಗ ಮೈನಸ್ 1.9.

ಅಷ್ಟಕ್ಕೂ ಒಪೇರಾವನ್ನು ಕಟ್ಟಿದ್ದು ವೇಗ ಅಳೆಯಲೆಂದಲ್ಲ. ಮ್ಯೂಯಾನ್ ನ್ಯೂಟ್ರಿನೋಗಳು ದಾರಿಯಲ್ಲಿ ಟೌ ನ್ಯೂಟ್ರಿನೋಗಳಾಗಿ ಬದಲಾಗುವುದನ್ನು ನೇರವಾಗಿ ಹಿಡಿಯುವುದೇ ಅದರ ಗುರಿ. ಅದಕ್ಕೆ ಸೀಸ ಮತ್ತು ಫೋಟೋಗ್ರಾಫಿಕ್ ಎಮಲ್ಷನ್ ಪದರಗಳ ಸುಮಾರು 1,50,000 ಇಟ್ಟಿಗೆಗಳನ್ನು ಜೋಡಿಸಿದ್ದರು. ಘಟನೆ ಕಿರಣದ ಮಿಡಿತದ ಹೊತ್ತಿನಲ್ಲೇ ಆಯಿತೇ ಎಂದು ತಿಳಿಯಲು ಮೈಕ್ರೋಸೆಕೆಂಡ್ ಮಟ್ಟದ ಸಮಯ ಸಾಕು. 73 ನ್ಯಾನೋಸೆಕೆಂಡ್ ಆಚೀಚೆಯಾದರೆ ಆ ಕೆಲಸಕ್ಕೆ ಏನೂ ಬಾಧಕವಿಲ್ಲ. ವರ್ಷಗಟ್ಟಲೆ ಯಾರೂ ಆ ಪ್ಲಗ್ ಕಡೆ ತಿರುಗಿ ನೋಡದಿರಲು ಇದೂ ಒಂದು ಕಾರಣ. 2015ರಲ್ಲಿ ಐದನೆಯ ಟೌ ನ್ಯೂಟ್ರಿನೋ ಆ ಇಟ್ಟಿಗೆಗಳಲ್ಲಿ ಸಿಕ್ಕಿತು. ಕನೆಕ್ಟರ್ ಸಡಿಲವಾಗಿದ್ದ ವರ್ಷಗಳ ಇಟ್ಟಿಗೆಗಳೂ ಆ ಎಣಿಕೆಯಲ್ಲಿ ಸೇರಿದ್ದವು.